ಕ್ಲಿವ್‌ಡನ್ ಹೌಸ್: ಹೋಟೆಲ್ ಆದ ಮಹಲಿನ ಕಟ್ಟಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಹೋಟೆಲ್ ಆಗಿರುವ ಹಳೆಯ ಮಹಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಟ್ಟಡದ ಕಥೆಗಾಗಿಯೇ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಕ್ಲಿವ್‌ಡನ್ ಕಡೆ ಬೆರಳು ತೋರಿಸುತ್ತೇನೆ. ದೂರದಿಂದ ನೋಡಿದರೆ ಒಂದೇ ಕಾಲದಲ್ಲಿ ಒಬ್ಬರೇ ಕಟ್ಟಿದ ಮನೆ ಅನ್ನಿಸುತ್ತದೆ. ಹತ್ತಿರ ಹೋದರೆ ಬುಡದ ವಯಸ್ಸೇ ಬೇರೆ, ಗೋಡೆಯ ವಯಸ್ಸೇ ಬೇರೆ, ಒಳಗಿನ ಮರಗೆಲಸದ ವಯಸ್ಸೇ ಬೇರೆ. ಅಲ್ಲಿಗೆ ಹೋಗುವವರು, ಫೋಟೋ ನೋಡಿ ಕುತೂಹಲ ಹುಟ್ಟಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಇದು ಇರುವುದು ಎಲ್ಲಿ? ಹೆಸರನ್ನು ಹೇಗೆ ಹೇಳಬೇಕು?

ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ಟ್ಯಾಪ್ಲೋ ಹತ್ತಿರ, ಥೇಮ್ಸ್ ನದಿಯ ಮೇಲಿನ ಗುಡ್ಡದಲ್ಲಿ. ಲಂಡನ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ವಿಂಡ್ಸರ್ ಅರಮನೆ ಇನ್ನೂ ಹತ್ತಿರ. ಈ ಹತ್ತಿರಕ್ಕೆ ಮುಂದೆ ಅರ್ಥ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹೆಸರನ್ನು 'ಕ್ಲಿವ್‌ಡನ್' ಅನ್ನಬೇಕು. 'ಕ್ಲೈವ್‌ಡನ್' ಅಲ್ಲ.

ಪ್ರಶ್ನೆ: ಕಂಟ್ರಿ ಹೌಸ್ ಅಂದರೆ ಹಳ್ಳಿ ಮನೆಯಾ?

ಅಕ್ಷರ ಹಿಡಿದು ಹೋದರೆ ಹೌದು, ನಿಜದಲ್ಲಿ ಅಲ್ಲ. ಲಂಡನ್‌ನಲ್ಲಿ ಒಂದು ದೊಡ್ಡ ಮನೆ ಇಟ್ಟುಕೊಂಡ ಸಿರಿವಂತರು ಊರಾಚೆ ನೂರಾರು ಎಕರೆ ಜಮೀನಿನ ನಡುವೆ ಕಟ್ಟಿಸಿದ ಮಹಲು ಅದು. ಸಾಮಾನ್ಯವಾಗಿ ಆ ಜಮೀನಿನ ಗೇಣಿಯಿಂದಲೇ ಮನೆ ನಡೆಯುತ್ತಿತ್ತು. ಮಹಲು ಅಂದರೆ ವಾಸದ ಮನೆ ಹೌದು, ಜೊತೆಗೆ ಆಡಳಿತದ ಕಚೇರಿ, ಅತಿಥಿಗೃಹ, ಹತ್ತಾರು ಆಳುಗಳು ಕೆಲಸ ಮಾಡುವ ಜಾಗ ಕೂಡ.

ಕ್ಲಿವ್‌ಡನ್ ಈ ಸಾಲಿನಲ್ಲಿ ಸ್ವಲ್ಪ ಬೇರೆ. ಅದು ಯಾವ ಮನೆತನಕ್ಕೂ ತಲೆತಲಾಂತರದ ಮೂಲಮನೆ ಆಗಿರಲಿಲ್ಲ. ಹೆಚ್ಚಿನ ಒಡೆಯರಿಗೆ ಬೇರೆ ಕಡೆ ಇನ್ನೂ ದೊಡ್ಡ ಮನೆಗಳಿದ್ದವು. ಇಲ್ಲಿಗೆ ಬರುತ್ತಿದ್ದದ್ದು ಬೇಸಿಗೆ ಕಳೆಯಲು, ನೆಂಟರಿಷ್ಟರನ್ನು ಕರೆದು ಸತ್ಕಾರ ಮಾಡಲು.

ಪ್ರಶ್ನೆ: ಈಗ ಕಾಣುವ ಕಟ್ಟಡ ಎಷ್ಟು ಹಳೆಯದು?

ಯಾವ ಭಾಗ ಅಂತ ಹೇಳಿ, ಆಮೇಲೆ ಉತ್ತರ ಕೊಡಬಹುದು!

ಕೆಳಗಿನ ಉದ್ದನೆಯ ಇಟ್ಟಿಗೆ ಜಗಲಿ 17ನೇ ಶತಮಾನದ್ದು. ಎಡಬಲದ ಎರಡು ರೆಕ್ಕೆಗಳ, ಅಂದರೆ ಪಕ್ಕಕ್ಕೆ ಚಾಚಿದ ಕಟ್ಟಡಗಳ ಮೂಲ 1706ರ ಸುಮಾರಿನದು. ನಡುವಿನ ಮೂರಂತಸ್ತಿನ ಮುಖ್ಯ ಮನೆ 1851ರದ್ದು. ಪಕ್ಕದ ಗಡಿಯಾರ ಗೋಪುರ 1861ರದ್ದು. ಒಳಗಿನ ದೊಡ್ಡ ಹಜಾರ, ಮೆಟ್ಟಿಲು, ಊಟದ ಕೋಣೆ ಈಗಿನ ರೂಪಕ್ಕೆ ಬಂದದ್ದು 1890ರ ದಶಕದಲ್ಲಿ. ಆದರೆ ಊಟದ ಕೋಣೆಯ ಗೋಡೆಗೆ ಹೊದಿಸಿದ ಹಲಗೆಗಳು 18ನೇ ಶತಮಾನದವು, ಅದೂ ಫ್ರಾನ್ಸಿನವು. ಹಜಾರದ ಬೆಂಕಿಗೂಡು 16ನೇ ಶತಮಾನದ್ದು. ಅಂದರೆ ಮನೆಯ ಅತಿ ಹಳೆಯ ವಸ್ತುಗಳಲ್ಲೊಂದು ಆ ಮನೆಗೆ ಬಂದದ್ದು ಬಹಳ ತಡವಾಗಿ. ತಮಾಷೆಯಾಗಿದೆ ಅಲ್ವಾ?

ಪ್ರಶ್ನೆ: ಮೊದಲು ಕಟ್ಟಿಸಿದವರು ಯಾರು? ಆ ಮನೆಯ ಗುರುತು ಏನಾದರೂ ಉಳಿದಿದೆಯಾ?

ಎರಡನೇ ಬಕಿಂಗ್‌ಹ್ಯಾಮ್ ಡ್ಯೂಕ್, ಜಾರ್ಜ್ ವಿಲಿಯರ್ಸ್. ಎರಡನೇ ಚಾರ್ಲ್ಸ್ ದೊರೆಯ ಆಸ್ಥಾನದ ಮೋಜುಗಾರ ಅಂತಲೇ ಹೆಸರಾದವನು. ಮನೆಯ ಯೋಜನೆ ಮಾಡಿದವರು ವಿಲಿಯಂ ವಿಂಡ್. ನದಿಯ ಕಡೆಗೆ ಇಳಿಜಾರು ಇದ್ದ ಗುಡ್ಡದಲ್ಲಿ ಮೊದಲು ನೆಲವನ್ನು ಮಟ್ಟ ಮಾಡಬೇಕಿತ್ತು. ಅದಕ್ಕೆ ಅಗಲವಾದ ಒಂದು ಇಟ್ಟಿಗೆ ಜಗಲಿಯನ್ನು ಎಬ್ಬಿಸಿದರು. ಅದರ ಮೇಲೆ ನಾಲ್ಕು ಅಂತಸ್ತಿನ ಮನೆ ಬಂತು.

ಮನೆ ಸುಟ್ಟು ಹೋಯಿತು. ಜಗಲಿ ಉಳಿಯಿತು. ಸುಮಾರು 400 ಅಡಿ ಉದ್ದ, 20 ಅಡಿ ಎತ್ತರ, ಮುಂಭಾಗಕ್ಕೆ ಸಾಲು ಕಮಾನುಗಳು. ನನ್ನ ಮಟ್ಟಿಗೆ ಕ್ಲಿವ್‌ಡನ್‌ನ ನಿಜವಾದ ವಾಸ್ತು ಇದೇ. ಇದರ ಮೇಲೆ ಆಮೇಲೆ ಬಂದ ಮನೆಗಳೆಲ್ಲ ಇದರ ಅಳತೆಗೆ ತಲೆಬಾಗಿ ನಿಂತವು. ಎಷ್ಟು ಅಗಲ ಕಟ್ಟಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಎಲ್ಲಿಂದ ನೋಟ ಸಿಗಬೇಕು ಅನ್ನುವುದನ್ನೆಲ್ಲ ಆ ಜಗಲಿ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. 1679ರಲ್ಲಿ ಇಲ್ಲಿಗೆ ಬಂದ ದಿನಚರಿಕಾರ ಜಾನ್ ಎವೆಲಿನ್ ಈ ಜಾಗವನ್ನು ರೋಮ್ ಹತ್ತಿರದ ಫ್ರಾಸ್ಕಾಟಿಗೆ ಹೋಲಿಸಿದ್ದರು. ಮನೆಗಿಂತ ನೋಟವೇ ದೊಡ್ಡದು ಅನ್ನುವುದು ಆಗಲೇ ಗೊತ್ತಿತ್ತು.

ಒಂದು ವಿಷಯ: ಈ ಜಗಲಿ ಕಾಣುವುದು ದಕ್ಷಿಣದಿಂದ, ಅಂದರೆ ತೋಟದ ಕಡೆಯಿಂದ ಮಾತ್ರ. ಮುಂಬಾಗಿಲಿನಿಂದ ಒಳಗೆ ಹೋಗಿ ಹಾಗೇ ಹೊರಗೆ ಬಂದವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಎರಡು ಸಲ ಬೆಂಕಿ ಬಿತ್ತು ಅನ್ನುವುದು ನಿಜವಾ?

ನಿಜ. ಮೊದಲನೆಯದು 1795ರ ಮೇ ತಿಂಗಳಲ್ಲಿ. ಆಳೊಬ್ಬರ ಕೈಯ ಮೇಣದಬತ್ತಿಯಿಂದ ಶುರುವಾಯಿತು ಅನ್ನುತ್ತಾರೆ. ಮುಖ್ಯ ಮನೆ ಪೂರ್ತಿ ಹೋಯಿತು, ತುದಿಯ ರೆಕ್ಕೆಗಳು ಉಳಿದವು. ಆಮೇಲೆ ಸುಮಾರು 30 ವರ್ಷ ಅದು ಪಾಳು.

1824ರಲ್ಲಿ ಸರ್ ಜಾರ್ಜ್ ವಾರೆಂಡರ್ ಕೊಂಡುಕೊಂಡು, ವಿಲಿಯಂ ಬರ್ನ್ ಎಂಬ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿಯಿಂದ ಎರಡನೇ ಮನೆ ಕಟ್ಟಿಸಿದರು. 1849ರಲ್ಲಿ ಎರಡನೇ ಸದರ್ಲೆಂಡ್ ಡ್ಯೂಕ್ ಅದನ್ನು ಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅದೂ ಸುಟ್ಟಿತು. ವಿಂಡ್ಸರ್‌ನಲ್ಲಿದ್ದ ವಿಕ್ಟೋರಿಯಾ ರಾಣಿ ಹೊಗೆ ಕಂಡು ಬೆಂಕಿ ನಂದಿಸುವ ಬಂಡಿಗಳನ್ನು ಕಳಿಸಿದರು ಅನ್ನುವ ಕಥೆ ಇದೆ. ಡ್ಯೂಕ್‌ರ ಹೆಂಡತಿ ಹ್ಯಾರಿಯಟ್ ರಾಣಿಯ ಗೆಳತಿ, ಹಾಗಾಗಿ ಕಥೆ ನಂಬುವಂತಿದೆ.

ಬರ್ನ್ ಕಟ್ಟಿದ ಮನೆ ಹೀಗೆ ಕಾಲು ಶತಮಾನವೂ ಬಾಳಲಿಲ್ಲ. ಪಾಪ, ಅವರ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ.

ಪ್ರಶ್ನೆ: ಈಗಿನ ಮನೆಯ ವಾಸ್ತುಶಿಲ್ಪಿ ಯಾರು? ಶೈಲಿ ಯಾವುದು?

ಚಾರ್ಲ್ಸ್ ಬ್ಯಾರಿ. ಲಂಡನ್‌ನ ಸಂಸತ್ ಭವನದ ವಾಸ್ತುಶಿಲ್ಪಿ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಸಂಸತ್ ಭವನವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಗೊಂದಲವಾಗುತ್ತದೆ. ಅದು ಚೂಪು ಕಮಾನು, ಚೂಪು ಶಿಖರಗಳ ಗಾಥಿಕ್ ಕಟ್ಟಡ. ಇದು ಇಟಲಿಯ ದಾರಿ. ಬ್ಯಾರಿ ಅವರಿಗೆ ನಿಜವಾಗಿ ಒಗ್ಗಿದ್ದು ಇಟಲಿಯ ಶೈಲಿಯೇ. ಲಂಡನ್‌ನ ರಿಫಾರ್ಮ್ ಕ್ಲಬ್ ನೋಡಿದರೆ ಅದು ತಿಳಿಯುತ್ತದೆ. ಸದರ್ಲೆಂಡ್ ಮನೆತನಕ್ಕೆ ಟ್ರೆಂಥಮ್ ಮತ್ತು ಡನ್‌ರಾಬಿನ್ ಎಂಬ ಮಹಲುಗಳಲ್ಲೂ ಅವರೇ ಕೆಲಸ ಮಾಡಿದ್ದರು. ಮನೆ ಸುಟ್ಟ ಮೇಲೆ ಡ್ಯೂಕ್ ಯಾರನ್ನು ಕರೆದಾರು ಅನ್ನುವ ಪ್ರಶ್ನೆಯೇ ಇರಲಿಲ್ಲ.

ನೋಡುವ ಕ್ರಮ ಹೀಗೆ. ನೆಲ ಅಂತಸ್ತಿನಲ್ಲಿ ಕಮಾನಿನ ಕಿಟಕಿಗಳು. ಅದರ ಮೇಲೆ ಗೋಡೆಗೆ ಅಂಟಿಕೊಂಡ ಚಪ್ಪಟೆ ಕಂಬಗಳು. ತುದಿಯಲ್ಲಿ ಕಟಾಂಜನ, ಅದರ ಮೇಲೆ ಹೂಜಿಗಳು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಣುವ ಇಳಿಜಾರು ಹೆಂಚಿನ ಚಾವಣಿ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಚಾವಣಿಯ ಮೇಲೆ ಓಡಾಡಲು ಆಗುವಂತೆ ಕಟ್ಟಿದ್ದಾರೆ. ಅಲ್ಲಿಂದ ಥೇಮ್ಸ್ ಕಣಿವೆ ಕಾಣುತ್ತದೆ. ಇಲ್ಲೂ ನೋಟವೇ ಮುಖ್ಯ.

ಈ ಕಟ್ಟಡದ ದೊಡ್ಡ ಗುಣ ಅದರ ಶಿಸ್ತು. ಬ್ಯಾರಿ ಕೈಬಿಚ್ಚಿ ಅಲಂಕಾರ ಮಾಡಬಹುದಿತ್ತು, ಹಣಕ್ಕೆ ಕೊರತೆ ಇರಲಿಲ್ಲ. ಮಾಡಲಿಲ್ಲ. ದೂರದಿಂದ, ತೋಟದ ಆ ತುದಿಯಿಂದ ನೋಡಿದಾಗ ಏನು ಕಾಣುತ್ತದೆ ಅಂತ ಲೆಕ್ಕ ಹಾಕಿ ಅಷ್ಟೇ ಇಟ್ಟಿದ್ದಾರೆ.

ಪ್ರಶ್ನೆ: ಗೋಡೆಗಳು ಕಲ್ಲಿನವಾ?

ಹಾಗೆ ಕಾಣುತ್ತವೆ, ಅಷ್ಟೇ. ಹೊರಮೈಗೆ ಬಳಿದಿರುವುದು 'ರೋಮನ್ ಸಿಮೆಂಟ್' ಎಂಬ ಗಾರೆ. ಹೆಸರಿನಲ್ಲಿ ರೋಮ್ ಇದ್ದರೂ ರೋಮ್‌ಗೂ ಅದಕ್ಕೂ ಸಂಬಂಧ ಇಲ್ಲ. 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬವರು ಪೇಟೆಂಟ್ ಪಡೆದ ಇಂಗ್ಲಿಷ್ ಸರಕು ಅದು. ಜೇಡಿಮಣ್ಣಿನ ಪದರದಲ್ಲಿ ಸಿಗುವ, ಸುಣ್ಣದ ಅಂಶ ಇರುವ ಗಟ್ಟಿ ಉಂಡೆಗಳನ್ನು ಸುಟ್ಟು ಪುಡಿ ಮಾಡಿದರೆ ಸಿಗುವ ಸಿಮೆಂಟ್. ಬಹಳ ಬೇಗ ಗಟ್ಟಿಯಾಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಕಂದು ಬಣ್ಣ ಇರುವುದರಿಂದ ಮೇಲೆ ಗೆರೆ ಎಳೆದು ಬಣ್ಣ ಹೊಡೆದರೆ ಕಲ್ಲಿನ ಗೋಡೆಯೇ ಸರಿ.

ಕಟಾಂಜನದ ಪುಟ್ಟ ಕಂಬಗಳು, ಕಂಬಗಳ ತಲೆ, ಕಮಾನಿನ ನಡುಗಲ್ಲು, ತುದಿಯ ಹೂಜಿಗಳಂಥ ಅಲಂಕಾರಗಳು ಸುಟ್ಟ ಮಣ್ಣಿನವು. ಒಂದೊಂದನ್ನೂ ಕಲ್ಲಿನಲ್ಲಿ ಕೆತ್ತುವ ಬದಲು ಅಚ್ಚಿನಲ್ಲಿ ಹಾಕಿ ಸುಟ್ಟರೆ ಕೆಲಸ ಬೇಗ, ಖರ್ಚು ಕಡಿಮೆ. 1849ರ ಕೊನೆಯಲ್ಲಿ ಸುಟ್ಟ ಮನೆ 1851ಕ್ಕೆ ಎದ್ದು ನಿಂತದ್ದು ಹೀಗೆ.

ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. 'ಅಂದರೆ ನಕಲಿಯಾ?' ಅಂತ ಕೇಳುತ್ತಾರೆ. ಆ ಕಾಲದಲ್ಲಿ ಅದು ಮೋಸ ಅಲ್ಲ, ಹೊಸ ತಂತ್ರ. ಗಾರೆಗೆ ಒಂದು ತೊಂದರೆ ಮಾತ್ರ ಉಂಟು. ಕಲ್ಲು ಹಳೆಯದಾದಷ್ಟೂ ಚೆಂದ ಕಾಣುತ್ತದೆ. ಗಾರೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಚಕ್ಕೆ ಏಳುತ್ತದೆ. ಆದ್ದರಿಂದ ಇಂಥ ಮನೆಗೆ ಆರೈಕೆ ತಪ್ಪುವಂತಿಲ್ಲ.

ಪ್ರಶ್ನೆ: ಚಾವಣಿಯ ಕೆಳಗೆ ಸುತ್ತಲೂ ಏನೋ ಬರೆದಿದೆಯಲ್ಲ, ಅದೇನು?

ಲ್ಯಾಟಿನ್ ಬರಹ. ಮನೆಯ ನಾಲ್ಕೂ ಕಡೆ ಒಂದೇ ಪಟ್ಟಿಯಾಗಿ ಸಾಗುತ್ತದೆ. ವಿಲಿಯರ್ಸ್ ಹಾಕಿದ ತಳಪಾಯ, 1666ರ ಇಸವಿ, ವಿಕ್ಟೋರಿಯಾ ರಾಣಿಯ ಆಳ್ವಿಕೆ, 1851ರಲ್ಲಿ ಬ್ಯಾರಿ ಮುಗಿಸಿದ ಕೆಲಸ, ಇಷ್ಟೂ ಅದರಲ್ಲಿದೆ. ಬರೆದುಕೊಟ್ಟವರು ವಿಲಿಯಂ ಗ್ಲ್ಯಾಡ್‌ಸ್ಟನ್ ಎಂದು ಹೇಳುತ್ತಾರೆ. ಕೆಲವು ಕಡೆ 'ಆಗಿನ ಪ್ರಧಾನಿ ಗ್ಲ್ಯಾಡ್‌ಸ್ಟನ್' ಅಂತ ಬರೆದಿರುತ್ತಾರೆ. ಅದು ತಪ್ಪು. ಅವರು ಮೊದಲ ಸಲ ಪ್ರಧಾನಿಯಾದದ್ದು 1868ರಲ್ಲಿ.

ಓದಬೇಕು ಅಂದರೆ ಮನೆಯನ್ನು ಒಂದು ಸುತ್ತು ಹಾಕಬೇಕು. ಕತ್ತು ನೋಯುತ್ತದೆ, ಆದರೂ ಹಾಕಿ.

ಪ್ರಶ್ನೆ: ಗಡಿಯಾರ ಗೋಪುರ ಮನೆಗಿಂತ ಜಾಸ್ತಿ ಆಡಂಬರವಾಗಿದೆ. ಯಾಕೆ?

ಯಾಕೆಂದರೆ ಅದು ನೀರಿನ ಟ್ಯಾಂಕ್!

ಗುಡ್ಡದ ಮೇಲಿನ ಮನೆಗೆ ನೀರು ಬೇಕು, ನೀರಿಗೆ ಒತ್ತಡ ಬೇಕು, ಒತ್ತಡಕ್ಕೆ ಎತ್ತರ ಬೇಕು. ಟ್ಯಾಂಕನ್ನು ಹಾಗೇ ನಿಲ್ಲಿಸಿದರೆ ಮನೆಯ ಅಂದ ಕೆಡುತ್ತದೆ. ಹೆನ್ರಿ ಕ್ಲಟನ್ 1861ರಲ್ಲಿ ಅದಕ್ಕೆ ಸುಮಾರು 100 ಅಡಿಯ ಗೋಪುರದ ವೇಷ ಹಾಕಿದರು. ನಾಲ್ಕು ಕಡೆ ಗಡಿಯಾರ, ಸುತ್ತ ಚಿನ್ನದ ಬಣ್ಣದ ಚೌಕಟ್ಟು, ಒಂದು ಬದಿಗೆ ಅರ್ಧ ತೆರೆದ ಸುರುಳಿ ಮೆಟ್ಟಿಲು. ತುದಿಯಲ್ಲಿ ರೆಕ್ಕೆ ಇರುವ ಹೊಳೆಯುವ ಪ್ರತಿಮೆ. ಪ್ಯಾರಿಸ್ಸಿನ ಬಸ್ತೀಲ್ ಚೌಕದ ಕಂಬದ ಮೇಲೆ ಇದೆಯಲ್ಲ, ಆಗಸ್ಟಿನ್ ಡ್ಯೂಮಾಂಟ್ ಮಾಡಿದ ಸ್ವಾತಂತ್ರ್ಯದ ಪ್ರತಿಮೆ, ಅದರ ಪ್ರತಿರೂಪ. ಮೊದಲು ಇದ್ದದ್ದು 1950ರ ದಶಕದ ಬಿರುಗಾಳಿಗೆ ಬಿದ್ದು ಒಡೆಯಿತು. ಈಗಿನದು ಹೊಸದು.

ಬ್ಯಾರಿ ಕಾಪಾಡಿಕೊಂಡ ಶಿಸ್ತನ್ನು ಕ್ಲಟನ್ ಹತ್ತೇ ವರ್ಷದಲ್ಲಿ ಗಾಳಿಗೆ ತೂರಿದರು ಅನ್ನುವವರಿದ್ದಾರೆ. ನನಗೆ ಮಾತ್ರ ಆ ಗೋಪುರ ಇಷ್ಟ. ಅಷ್ಟು ಗಂಭೀರ ಮನೆಯ ಪಕ್ಕದಲ್ಲಿ ಒಬ್ಬ ತುಂಟ ನಿಂತ ಹಾಗಿದೆ.

ಪ್ರಶ್ನೆ: ಎಡಬಲದ ರೆಕ್ಕೆಗಳಲ್ಲಿ ಏನಿತ್ತು?

ಆರ್ಕ್ನಿ ಅರ್ಲ್ ಎಂಬ ಸೇನಾಧಿಕಾರಿ 1696ರಲ್ಲಿ ಜಾಗ ಕೊಂಡು, ಥಾಮಸ್ ಆರ್ಚರ್ ಎಂಬ ವಾಸ್ತುಶಿಲ್ಪಿಯಿಂದ ಇವನ್ನು ಕಟ್ಟಿಸಿದ. ಮುಖ್ಯ ಮನೆಗೂ ಇವಕ್ಕೂ ನಡುವೆ ಬಾಗಿದ ಓಣಿ. ಮನೆಗೆ ಬರುವವರನ್ನು ಎರಡು ತೋಳು ಚಾಚಿ ಬರಮಾಡಿಕೊಂಡ ಹಾಗೆ ಕಾಣುವುದು ಒಂದು ಲಾಭ. ಆರ್ಚರ್ ಊಹಿಸದ ಇನ್ನೊಂದು ಲಾಭವೂ ಸಿಕ್ಕಿತು. 1795ರಲ್ಲಿ ನಡುವಿನ ಮನೆ ಉರಿದಾಗ ದೂರದಲ್ಲಿದ್ದ ರೆಕ್ಕೆಗಳು ಬಚಾವಾದವು.

1893ರಲ್ಲಿ ಮನೆ ಕೊಂಡ ಆಸ್ಟರ್ ಕುಟುಂಬದ ಕಾಲದಲ್ಲಿ ಪೂರ್ವದ ರೆಕ್ಕೆ ಅತಿಥಿಗಳಿಗೆ, ಪಶ್ಚಿಮದ್ದು ಮನೆಗೆಲಸದ ವಿಭಾಗಕ್ಕೆ. ಹೋಟೆಲ್ ಆದ ಮೇಲೆ, 1990ರ ದಶಕದಲ್ಲಿ, ಪಶ್ಚಿಮದ ರೆಕ್ಕೆಯೂ ಮಲಗುವ ಕೋಣೆಗಳಾಯಿತು. ಆಳುಗಳು ಓಡಾಡುತ್ತಿದ್ದ ಜಾಗದಲ್ಲಿ ಈಗ ದುಡ್ಡು ಕೊಟ್ಟವರು ಮಲಗುತ್ತಾರೆ.

ಪ್ರಶ್ನೆ: ಒಳಗೆ ಕಾಲಿಟ್ಟ ಕೂಡಲೇ ಕತ್ತಲು ಕತ್ತಲು ಅನ್ನಿಸುತ್ತದೆ. ಹೊರಗಿನ ಇಟಲಿ ಎಲ್ಲಿ ಹೋಯಿತು?

ಸರಿಯಾದ ಪ್ರಶ್ನೆ. ಹೊರಗೆ ಇರುವುದು ಬ್ಯಾರಿ, ಒಳಗೆ ಇರುವುದು ಆಸ್ಟರ್.

1893ರಲ್ಲಿ ಅಮೆರಿಕದ ಭಾರಿ ಸಿರಿವಂತ ವಿಲಿಯಂ ವಾಲ್ಡಾರ್ಫ್ ಆಸ್ಟರ್ ಕ್ಲಿವ್‌ಡನ್ ಕೊಂಡರು. ಹೊರಗೋಡೆಗೆ ಕೈ ಹಚ್ಚಲಿಲ್ಲ. ಒಳಗನ್ನು ಮಾತ್ರ ಫ್ರ್ಯಾಂಕ್ ಪಿಯರ್ಸನ್ ಎಂಬ ವಾಸ್ತುಶಿಲ್ಪಿಯ ಕೈಗೆ ಕೊಟ್ಟರು. ಬ್ಯಾರಿ ಯೋಜನೆಯಲ್ಲಿ ಮುಂಬಾಗಿಲಿಗೆ ಒಂದು ಚೌಕದ ಪ್ರವೇಶದ ಹಜಾರ, ಪಕ್ಕದಲ್ಲಿ ಬೆಳಗಿನ ಹೊತ್ತು ಕೂರುವ ಕೋಣೆ, ಮೆಟ್ಟಿಲಿಗೇ ಬೇರೆ ಜಾಗ ಇದ್ದವು. ಪಿಯರ್ಸನ್ ನಡುವಿನ ಗೋಡೆಗಳನ್ನು ತೆಗೆಸಿ ಮೂರನ್ನೂ ಸೇರಿಸಿದರು. ಅದೇ ಈಗಿನ ಗ್ರೇಟ್ ಹಾಲ್. ಗೋಡೆ ಮತ್ತು ಮೇಲ್ಛಾವಣಿಗೆಲ್ಲ ಕೆತ್ತಿದ ಓಕ್ ಮರ. ಫ್ರಾನ್ಸಿನ ಬೂರ್ಗಾಂಡಿಯ ಮಹಲೊಂದರಿಂದ ತಂದ 16ನೇ ಶತಮಾನದ ಕಲ್ಲಿನ ಬೆಂಕಿಗೂಡು. ಯುದ್ಧ ಕವಚಗಳು, ಗೋಡೆಗೆ ನೇತುಹಾಕಿದ ನೇಯ್ಗೆಯ ಚಿತ್ರಗಳು.

ಆಸ್ಟರ್ ಅವರಿಗೆ ಬೇಕಾಗಿದ್ದದ್ದು ಹಳೆಯತನ. ಬ್ಯಾರಿ ಮನೆಗೆ ಆಗ ಬರೀ 40 ಚಿಲ್ಲರೆ ವರ್ಷ. ಸಾಲದು ಅನ್ನಿಸಿರಬೇಕು. ಹಳೆಯದನ್ನು ದುಡ್ಡು ಕೊಟ್ಟು ತಂದು ಒಳಗೆ ಕೂರಿಸಿದರು.

ನೆಲವನ್ನೂ ಗಮನಿಸಿ. ಮೊದಲು ಬಣ್ಣಬಣ್ಣದ ಮಿಂಟನ್ ಟೈಲ್ಸ್ ಇದ್ದವು. 1906ರಲ್ಲಿ ಈ ಮನೆ ಆಸ್ಟರ್ ಅವರ ಮಗ ವಾಲ್ಡಾರ್ಫ್ ಮತ್ತು ಸೊಸೆ ನ್ಯಾನ್ಸಿಗೆ ಮದುವೆಯ ಉಡುಗೊರೆಯಾಗಿ ಬಂತು. ನ್ಯಾನ್ಸಿ ಬಂದವರೇ ಟೈಲ್ಸ್ ಕೀಳಿಸಿ ಕಲ್ಲು ಚಪ್ಪಡಿ ಹಾಕಿಸಿದರು. ಮುಂದೆ 1919ರಲ್ಲಿ ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಕುಳಿತ ಮೊದಲ ಮಹಿಳೆ ಇವರೇ. ಬೆಂಕಿಗೂಡಿನ ಪಕ್ಕದಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಅವರ ಚಿತ್ರ ಇದೆ.

ಪ್ರಶ್ನೆ: ಮೆಟ್ಟಿಲಿನಲ್ಲಿ ನೋಡಬೇಕಾದ್ದು ಏನು?

ಎರಡು. ಮೆಟ್ಟಿಲ ಕಟಾಂಜನದ ಮೂಲೆಗಂಬಗಳ ಮೇಲೆ ಮನೆಯ ಚರಿತ್ರೆಗೆ ಸೇರಿದ ವ್ಯಕ್ತಿಗಳ ಮರದ ಬೊಂಬೆಗಳಿವೆ. ಡಬ್ಲ್ಯು. ಎಸ್. ಫ್ರಿತ್ ಅವರ ಕೆತ್ತನೆ. ಅವನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ನೋಡಲು ತಲೆ ಎತ್ತಬೇಕು. ಮೇಲಿನ ಚಾವಣಿಯಲ್ಲಿ ಸದರ್ಲೆಂಡ್ ಮಕ್ಕಳನ್ನು ನಾಲ್ಕು ಋತುಗಳಾಗಿ ಬರೆದ ಚಿತ್ರವಿದೆ. ಫ್ರಾನ್ಸಿನ ಆಗಸ್ಟ್ ಎರ್ವ್ಯೂ ಬರೆದದ್ದು. ಬ್ಯಾರಿ ಕಾಲದ ಒಳಾಲಂಕಾರ ಹೇಗಿತ್ತು ಅಂತ ಹೇಳಲು ಉಳಿದಿರುವ ಕುರುಹು ಅದು. ಪಿಯರ್ಸನ್ ಅದನ್ನು ಹಾಗೇ ಬಿಟ್ಟದ್ದು ನಮ್ಮ ಪುಣ್ಯ.

ಪ್ರಶ್ನೆ: ಫ್ರೆಂಚ್ ಊಟದ ಕೋಣೆಯನ್ನು ನಿಜವಾಗಲೂ ಫ್ರಾನ್ಸಿನಿಂದ ತಂದರಾ?

ಕೋಣೆಯನ್ನಲ್ಲ, ಅದರ ಗೋಡೆಯ ಹೊದಿಕೆಯನ್ನು. ಪ್ಯಾರಿಸ್ ಹತ್ತಿರದ ಆನ್ಯೇರ್ ಎಂಬಲ್ಲಿನ ಮಹಲಿನದು. 15ನೇ ಲೂಯಿ ದೊರೆ ಮತ್ತು ಅವನ ಪ್ರೇಯಸಿ ಮದಾಮ್ ದ ಪಾಂಪದೂರ್ ಬೇಟೆಗೆ ಬಂದಾಗ ತಂಗುತ್ತಿದ್ದ ಮಹಲು ಅದು. ಅದಕ್ಕೇ ಕೆತ್ತನೆಯಲ್ಲಿ ಬೇಟೆನಾಯಿ, ಮೊಲ, ಬಂದೂಕು ಎಲ್ಲ ಇವೆ. ಹಸಿರು ಬೆರೆತ ನೀಲಿಯ ಮೇಲೆ ಚಿನ್ನದ ಬಣ್ಣ.

1897ರಲ್ಲಿ ಈ ಹಲಗೆಗಳು ಪ್ಯಾರಿಸ್ಸಿನಲ್ಲಿ ಮಾರಾಟಕ್ಕೆ ಬಂದವು. ಕ್ಲಿವ್‌ಡನ್‌ನ ಊಟದ ಕೋಣೆಗೆ ಇವು ಸರಿಯಾಗಿ ಕೂರುತ್ತವೆ ಅಂತ ಆಸ್ಟರ್ ಕಂಡುಕೊಂಡರು. ಇಂಥ ಹಲಗೆಗೆ ಅಳತೆಯೇ ದೊಡ್ಡ ತಲೆನೋವು. ಕೆತ್ತನೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಲೆಕ್ಕ ಹಾಕಿ ಮಾಡಿದ್ದು. ನಡುವೆ ಕತ್ತರಿಸಿದರೂ ಕೆಟ್ಟಿತು, ತುಂಡು ಸೇರಿಸಿದರೂ ಕೆಟ್ಟಿತು. ಅಲ್ಲಿಯ ಕೋಣೆಯ ಅಳತೆ ಇಲ್ಲಿಯ ಕೋಣೆಗೆ ಹೊಂದಿದ್ದು ಅದೃಷ್ಟವೇ.

ಪ್ರಶ್ನೆ: ಉಳಿದ ಕೋಣೆಗಳು?

ಗ್ರೇಟ್ ಹಾಲ್ ಬಿಟ್ಟರೆ ದೊಡ್ಡದು ಹಳೆಯ ಡ್ರಾಯಿಂಗ್ ರೂಮ್. ಅದು ಹೋಟೆಲಿನ ಊಟದ ಕೋಣೆಯಾಯಿತು. ಪೂರ್ತಿ ಮರ ಹೊದಿಸಿದ ಗ್ರಂಥಾಲಯವನ್ನು ಆಸ್ಟರ್ ಮನೆಯವರು 'ಸಿಗಾರ್ ಡಬ್ಬಿ' ಅನ್ನುತ್ತಿದ್ದರು. ಒಳಗೆ ನಿಂತರೆ ಯಾಕೆ ಅಂತ ಗೊತ್ತಾಗುತ್ತದೆ. ಮೇಲಿನ ಕೋಣೆಗಳಿಗೆ ಆರ್ಕ್ನಿ, ಸದರ್ಲೆಂಡ್, ಗ್ಯಾರಿಬಾಲ್ಡಿ ಹೀಗೆ ಮನೆಯ ಒಡೆಯರ, ಅತಿಥಿಗಳ ಹೆಸರು. ಇಟಲಿಯ ನಾಯಕ ಗ್ಯಾರಿಬಾಲ್ಡಿ 1864ರಲ್ಲಿ ಇಲ್ಲಿಗೆ ಬಂದಿದ್ದರು.

ಪ್ರಶ್ನೆ: ಮನೆ ಹೋಟೆಲ್ ಆದದ್ದು ಹೇಗೆ? ಮಾರಿಬಿಟ್ಟರಾ?

ಇಲ್ಲ. ಒಡೆತನ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ಹೋಟೆಲಿನವರದು ಲೀಸ್ ಮಾತ್ರ.

ಹಿನ್ನೆಲೆ ಹೀಗಿದೆ. ಒಡೆಯ ತೀರಿಕೊಂಡಾಗ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆ ಬ್ರಿಟನ್‌ನಲ್ಲಿ 1894ರಿಂದ ಹೊಸ ರೂಪ ಪಡೆಯಿತು. 20ನೇ ಶತಮಾನದಲ್ಲಿ ಅದು ಏರುತ್ತಲೇ ಹೋಯಿತು. ಆಳುಗಳು ಸಿಗುವುದು ಕಷ್ಟವಾಯಿತು. ಜಮೀನಿನ ಆದಾಯ ಕುಸಿಯಿತು. ನೂರಾರು ಮಹಲುಗಳನ್ನು ಕೆಡವಿ ಕಲ್ಲು, ಮರ ಮಾರಿದರು. ಬ್ಯಾರಿ ಕೆಲಸ ಮಾಡಿದ್ದ ಟ್ರೆಂಥಮ್ ಮಹಲೂ 1910ರ ದಶಕದಲ್ಲಿ ಹಾಗೇ ನೆಲಸಮವಾಯಿತು.

1934ರಲ್ಲಿ ಲೋಥಿಯನ್ ಪ್ರಭು ಒಂದು ದಾರಿ ಸೂಚಿಸಿದರು. ಮಹಲನ್ನು ಟ್ರಸ್ಟ್‌ಗೆ ಕೊಡಿ, ಅದರ ಖರ್ಚಿಗೆ ಹಣವನ್ನೂ ಇಡಿ, ಅಲ್ಲೇ ವಾಸ ಮುಂದುವರಿಸಿ, ಜನರಿಗೆ ನೋಡಲು ಬಿಡಿ. 1937ರ ಕಾನೂನು ಇದಕ್ಕೆ ಅವಕಾಶ ಕೊಟ್ಟಿತು. ಲೋಥಿಯನ್ ಆಸ್ಟರ್ ದಂಪತಿಯ ಆಪ್ತ ಗೆಳೆಯ, ಕ್ಲಿವ್‌ಡನ್‌ಗೆ ಪದೇ ಪದೇ ಬರುತ್ತಿದ್ದವರು. 1942ರಲ್ಲಿ ವಾಲ್ಡಾರ್ಫ್ ಆಸ್ಟರ್ ಕ್ಲಿವ್‌ಡನ್ ಅನ್ನು ಇದೇ ರೀತಿ ಟ್ರಸ್ಟ್‌ಗೆ ಕೊಟ್ಟರು. ಕುಟುಂಬ 1966ರವರೆಗೆ ಇತ್ತು. ಆಮೇಲೆ ಕೆಲವು ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿ ಓದಿದರು. 1980ರ ದಶಕದ ನಡುವೆ ಹೋಟೆಲ್ ಬಂತು.

ಪ್ರಶ್ನೆ: ಹೋಟೆಲ್ ಆಗಿ ಮನೆ ಕೆಟ್ಟಿತು ಅನ್ನುವವರಿಗೆ ಏನು ಹೇಳುತ್ತೀರಿ?

ಈ ಮನೆ ಮೊದಲಿನಿಂದಲೂ ಹೋಟೆಲ್ಲೇ ಅಂತ ಹೇಳುತ್ತೇನೆ!

ಲೆಕ್ಕ ಹಾಕಿ ನೋಡಿ. ಬಕಿಂಗ್‌ಹ್ಯಾಮ್ ಡ್ಯೂಕ್ ಕಟ್ಟಿಸಿದ್ದು ಮೋಜಿಗೆ. ವೇಲ್ಸ್ ರಾಜಕುಮಾರ ಫ್ರೆಡರಿಕ್ 1737ರಿಂದ ಇಲ್ಲಿ ಬಾಡಿಗೆಗೆ ಇದ್ದ. ಬ್ರಿಟನ್ನಿನ ಪ್ರಸಿದ್ಧ ದೇಶಭಕ್ತಿ ಹಾಡು 'ರೂಲ್ ಬ್ರಿಟಾನಿಯಾ' 1740ರ ಆಗಸ್ಟ್ 1ರಂದು ಮೊದಲು ಕೇಳಿಸಿದ್ದು ಅವನು ಇಲ್ಲಿ ಏರ್ಪಡಿಸಿದ ಕಾರ್ಯಕ್ರಮದಲ್ಲೇ. ಸದರ್ಲೆಂಡ್ ಕುಟುಂಬಕ್ಕೆ ಇದು ವಿಂಡ್ಸರ್‌ಗೆ ಹತ್ತಿರದ ತಂಗುದಾಣ. ಆಸ್ಟರ್ ದಂಪತಿಯ ವಾರಾಂತ್ಯದ ಕೂಟಗಳಿಗೆ ರಾಜಕಾರಣಿಗಳು, ಬರಹಗಾರರು, ನಟರು ಬಂದು ಹೋಗುತ್ತಿದ್ದರು. ಆಗಲೂ ಸಾಮಾನು ಹೊತ್ತು ಕೋಣೆಗೆ ಇಡುತ್ತಿದ್ದರು, ಗಂಟೆ ಬಾರಿಸಿದರೆ ಚಹಾ ಬರುತ್ತಿತ್ತು. ಬಿಲ್ ಮಾತ್ರ ಬರುತ್ತಿರಲಿಲ್ಲ.

ಹಾಗಾಗಿ ಯೋಜನೆಯಲ್ಲೇ ಹೋಟೆಲಿಗೆ ಬೇಕಾದ್ದೆಲ್ಲ ಇತ್ತು. ಬಂದವರು ಸೇರಲು ದೊಡ್ಡ ಹಜಾರ, ಒಂದರಿಂದ ಒಂದಕ್ಕೆ ಹೋಗುವ ಕೂರುವ ಕೋಣೆಗಳು, ಮೇಲೆ ಅತಿಥಿ ಕೋಣೆಗಳು, ಕಣ್ಣಿಗೆ ಬೀಳದೆ ಕೆಲಸ ಮಾಡಲು ಬೇರೆ ರೆಕ್ಕೆ. ಗೋದಾಮನ್ನೋ ಆಸ್ಪತ್ರೆಯನ್ನೋ ಹೋಟೆಲ್ ಮಾಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಪ್ರಶ್ನೆ: ಹೋಟೆಲಿನವರು ಬೇಕಾದ ಹಾಗೆ ಬದಲಾಯಿಸಬಹುದಾ?

ಆಗುವುದಿಲ್ಲ. ಇದು ಗ್ರೇಡ್ 1 ಕಟ್ಟಡ. ಇಂಗ್ಲೆಂಡಿನ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ 1 ದರ್ಜೆಯವು ಶೇ. 2.5ರಷ್ಟು ಮಾತ್ರ. ರಕ್ಷಣೆ ಹೊರಗೋಡೆಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಒಳಗೂ ಅನ್ವಯಿಸುತ್ತದೆ. ಕಟ್ಟಡದ ಗುಣ ಬದಲಾಗುವಂಥ ಕೆಲಸಕ್ಕೆಲ್ಲ ಮೊದಲೇ ಒಪ್ಪಿಗೆ ಬೇಕು. 1990ರ ಕಾನೂನಿನ ಪ್ರಕಾರ ಒಪ್ಪಿಗೆ ಇಲ್ಲದೆ ಕೆಲಸ ಮಾಡುವುದು ಅಪರಾಧ. ಇಲ್ಲಿ ಅದರ ಮೇಲೆ ಮನೆ ಒಡೆಯರಾದ ಟ್ರಸ್ಟ್‌ನ ಕಣ್ಣೂ ಇರುತ್ತದೆ.

ಇಂಥ ಮಹಲುಗಳನ್ನು ಹೋಟೆಲ್ ಮಾಡುವಾಗ ನಿಜವಾದ ಜಗಳ ನಡೆಯುವುದು ಮೂರು ವಿಷಯಕ್ಕೆ: ಬಚ್ಚಲು, ಬೆಂಕಿ, ಲಿಫ್ಟ್. ಪ್ರತಿ ಕೋಣೆಗೂ ಬಚ್ಚಲು ಬೇಕು, ಆದರೆ ಚಾವಣಿಯ ಗಾರೆ ಅಲಂಕಾರವನ್ನು ನಡುವೆ ಗೋಡೆ ಎಬ್ಬಿಸಿ ಕತ್ತರಿಸುವಂತಿಲ್ಲ. ಹಾಗಾಗಿ ಪಕ್ಕದ ಪುಟ್ಟ ಕೋಣೆಯನ್ನು ಬಚ್ಚಲು ಮಾಡುತ್ತಾರೆ, ಇಲ್ಲವಾದರೆ ಮುಂದೆ ಬಿಚ್ಚಿ ತೆಗೆಯಲು ಆಗುವ ಪೆಟ್ಟಿಗೆಯಂಥ ಬಚ್ಚಲು ಕೂರಿಸುತ್ತಾರೆ. ಹಳೆಯ ಬಾಗಿಲು ಬೆಂಕಿ ತಡೆಯುವಂತಿರಬೇಕು. ಬಾಗಿಲನ್ನೇ ಬದಲಿಸಿದರೆ ಚರಿತ್ರೆ ಹೋಯಿತು. ಅದಕ್ಕೆ ಬಿಸಿ ತಗುಲಿದರೆ ಉಬ್ಬಿ ಸಂದು ಮುಚ್ಚುವ ಪಟ್ಟಿ, ಬಣ್ಣ ಬಳಸುತ್ತಾರೆ. ಕರೆಂಟಿನ ತಂತಿ, ನೀರಿನ ಪೈಪು ಹಲಗೆ ನೆಲದ ಅಡಿಯಲ್ಲಿ ಹೋಗುತ್ತವೆ. ಒಳ್ಳೆಯ ಕೆಲಸ ಅಂದರೆ ಕೆಲಸ ಮಾಡಿದ್ದೇ ಕಾಣಬಾರದು.

ಪ್ರಶ್ನೆ: ಆ ಹೆಸರುವಾಸಿ ಈಜುಕೊಳ ಇನ್ನೂ ಇದೆಯಾ?

ಇದೆ. ಗೋಡೆ ಸುತ್ತಿದ ತೋಟದೊಳಗೆ. 1961ರ ಜುಲೈಯಲ್ಲಿ ಬ್ರಿಟನ್ನಿನ ಸಚಿವ ಜಾನ್ ಪ್ರೊಫ್ಯೂಮೊ ಮತ್ತು ಕ್ರಿಸ್ಟೀನ್ ಕೀಲರ್ ಎಂಬ ಯುವತಿ ಭೇಟಿಯಾದದ್ದು ಅಲ್ಲೇ. ಇಬ್ಬರ ಸಂಬಂಧ ಹಗರಣವಾಗಿ, ಎರಡು ವರ್ಷದ ನಂತರ ಸಚಿವರು ರಾಜೀನಾಮೆ ಕೊಟ್ಟರು. ವಾಸ್ತುವಿನ ದೃಷ್ಟಿಯಿಂದ ಹೇಳುವುದು ಜಾಸ್ತಿ ಇಲ್ಲ, ಅದೊಂದು ಆಯತದ ಕೊಳ.

ನದಿ ದಡದ ಸ್ಪ್ರಿಂಗ್ ಕಾಟೇಜ್ ಕೂಡ ಅದೇ ಹಗರಣದಲ್ಲಿ ಹೆಸರಾಯಿತು. ಆ ಮನೆ ನೋಡಲು ನಿಜವಾಗಿ ಚೆನ್ನಾಗಿದೆ. 1857ರ ಸುಮಾರಿಗೆ ಜಾರ್ಜ್ ಡೀವಿ ಅದನ್ನು ದೊಡ್ಡದು ಮಾಡಿದರು. ಮೇಲಿನ ಮಹಲು ರೋಮ್ ಕಡೆ ನೋಡಿದರೆ ಕೆಳಗಿನ ಈ ಕಾಟೇಜ್ ಹಳೆಯ ಇಂಗ್ಲಿಷ್ ಹಳ್ಳಿಯ ವೇಷ ತೊಟ್ಟಿದೆ.

ಪ್ರಶ್ನೆ: ತಂಗದೆ ಸುಮ್ನೆ ನೋಡಿ ಬರಬಹುದಾ?

ಬರಬಹುದು. ತೋಟಗಳನ್ನು ಟ್ರಸ್ಟ್ ಟಿಕೆಟ್ ಇಟ್ಟು ಜನರಿಗೆ ತೆರೆದಿದೆ. ಮನೆಯ ಒಳಗೆ ಕೆಲವು ಕೋಣೆಗಳನ್ನು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತಿನಲ್ಲಿ ತೋರಿಸುವ ಪದ್ಧತಿ ಇದೆ. ಹೊರಡುವ ಮೊದಲು ಟ್ರಸ್ಟ್ ಕಡೆಯಿಂದ ಆ ವರ್ಷದ ವೇಳಾಪಟ್ಟಿ ವಿಚಾರಿಸಿ. ಉಳಿದ ಒಳಭಾಗ ಹೋಟೆಲಿನ ಅತಿಥಿಗಳಿಗೆ.

ಪ್ರಶ್ನೆ: ಒಂದೇ ಗಂಟೆ ಇದೆ. ಏನು ನೋಡಲಿ?

ಮನೆಯ ಹತ್ತಿರ ಹೋಗುವ ಮೊದಲು ದಕ್ಷಿಣಕ್ಕೆ, ನಾಲ್ಕು ಎಕರೆಯ ಹೂಪಾತಿಗಳ ಅಂಗಳದ ಕೊನೆಗೆ ನಡೆಯಿರಿ. ಅಲ್ಲಿ ತಿರುಗಿ ನಿಂತರೆ ಜಗಲಿ, ಮನೆ, ಗೋಪುರ ಮೂರೂ ಒಂದೇ ನೋಟದಲ್ಲಿ ಸಿಗುತ್ತವೆ. ಸಮಯ ಇದ್ದರೆ ನದಿಯ ಕಡೆಗಿನ ಎಂಟು ಮೂಲೆಯ ಗುಡಿಗೆ ಹೋಗಿ. 1735ರಲ್ಲಿ ಜಿಯಾಕೊಮೊ ಲಿಯೊನಿ ಕಟ್ಟಿದ ಆ ತೋಟದ ಗುಡಿಯನ್ನು ಆಸ್ಟರ್ ಪ್ರಾರ್ಥನಾ ಮಂದಿರ ಮಾಡಿದರು, ಅವರ ಚಿತಾಭಸ್ಮವೂ ಅಲ್ಲೇ ಇದೆ.

ವಾಪಸ್ ಬರುವಾಗ ಜಗಲಿಯ ಕೆಳಗಿನ ಕಲ್ಲಿನ ಕಟಾಂಜನದ ಹತ್ತಿರ ನಿಲ್ಲಿ. ರೋಮ್‌ನ ವಿಲ್ಲಾ ಬೋರ್ಗೀಸಿಗಾಗಿ 1618-19ರ ಸುಮಾರಿಗೆ ಕೆತ್ತಿದ್ದು. 1896ರಲ್ಲಿ ಆಸ್ಟರ್ ಅದನ್ನು ಇಡಿಯಾಗಿ ಕೊಂಡು ಇಲ್ಲಿಗೆ ಹಡಗಿನಲ್ಲಿ ತರಿಸಿದರು. ಅದರ ಜೊತೆಗೆ ಕರೆಯದ ಅತಿಥಿಯೊಂದೂ ಬಂತು. ಮೆಡಿಟರೇನಿಯನ್ ಕಡೆಯ ಒಂದು ಜಾತಿಯ ಬಸವನಹುಳು. ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಆ ಕಲ್ಲಿನ ಸಂದುಗಳಲ್ಲಿ ಸಂಸಾರ ಮಾಡಿಕೊಂಡಿತ್ತು. 2004ರಲ್ಲಿ ಕಲ್ಲು ಶುಚಿ ಮಾಡುವಾಗ ಸಿಕ್ಕಿತು. ಉದ್ದ ಒಂದು ಸೆಂಟಿಮೀಟರಿನಷ್ಟು. ಕಂಡರೆ ಮುಟ್ಟಬೇಡಿ.